ಜೇಕಿಗೂ ಪಾರ್ಥೇನಿಯಮ್ಮಿಗೂ ಒಂದೇ ಹೊದಿಕೆ: ವೀಡ್ ಮ್ಯಾಟ್ ಒಂದು ವರ್ಷ ಬಳಸಿದ ಮೇಲೆ

ಮೈಸೂರಿನ ನಮ್ಮ ಮನೆಯ ಹಿತ್ತಲಿಗೆ ಮೂರು ವರ್ಷಗಳ ಹಿಂದೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಿದೆವು. ಮಣ್ಣಿನ ಜೊತೆಯಲ್ಲೇ ಜೇಕು ಎಂಬ ಹುಲ್ಲಿನಂಥ ಕಳೆಯ ಗೆಡ್ಡೆಗಳೂ ಬಂದಿವೆ ಎಂಬುದು ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಗೊತ್ತಾಯಿತು. ಕಾಂಪೌಂಡಿನ ಅಂಚಿನಲ್ಲಿ ಮೊದಲೇ ಬೇರೂರಿದ್ದ ಪಾರ್ಥೇನಿಯಂ, ಅಂದರೆ ಎಲ್ಲರೂ ಕಾಂಗ್ರೆಸ್ ಗಿಡ ಎನ್ನುವ ಕಳೆ, ಅದರೊಂದಿಗೆ ಸೇರಿಕೊಂಡಿತು. ಇವೆರಡನ್ನೂ ತಡೆಯಲೆಂದು ಕಳೆದ ವರ್ಷ ಮುಂಗಾರಿಗೆ ಮೊದಲು ವೀಡ್ ಮ್ಯಾಟ್ ತರಿಸಿ ಹಾಸಿದೆ. ಇದು ಪಾಲಿಪ್ರೊಪಿಲೀನ್ ಎಳೆಗಳಿಂದ ನೇಯ್ದ ಕಪ್ಪು ಹಾಸು. ನೀರು ಇಳಿಯಲು ಬಿಡುತ್ತದೆ, ಬೆಳಕನ್ನು ತಡೆಯುತ್ತದೆ.

ಕಳೆನಾಶಕದ ಯೋಚನೆ ಬರಲಿಲ್ಲವೆಂದಲ್ಲ. ಆದರೆ ಗ್ಲೈಫೊಸೇಟನ್ನು ಕೀಟ ನಿಯಂತ್ರಣ ಸಿಬ್ಬಂದಿಯ ಮೂಲಕವಷ್ಟೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಅದಿರಲಿ, ದೊಡ್ಡಪತ್ರೆ, ಕರಿಬೇವುಗಳನ್ನು ಕೈಯಾರೆ ಬಿಡಿಸಿ ಒಲೆಯ ಮೇಲಿನ ಬಾಣಲೆಗೆ ಹಾಕುವ ಜಾಗದಲ್ಲಿ ವಿಷ ಸಿಂಪಡಿಸಲು ನನಗೆ ಮನಸ್ಸಾಗಲಿಲ್ಲ.

ನಾನು ಕೊಂಡದ್ದು 2 ಮೀಟರ್ ಅಗಲ, 10 ಮೀಟರ್ ಉದ್ದದ ಸುರುಳಿ. 100 ಜಿಎಸ್ಎಂ ಎಂದು ಅದರ ಮೇಲೆ ಅಚ್ಚಾಗಿತ್ತು. ಜಿಎಸ್ಎಂ ಎಂದರೆ ಒಂದು ಚದರ ಮೀಟರಿನ ತೂಕ ಇಷ್ಟು ಗ್ರಾಂ ಎಂದರ್ಥ. ಆ ಲೆಕ್ಕದಲ್ಲಿ 20 ಚದರ ಮೀಟರಿನ ಸುರುಳಿ 2 ಕಿಲೋ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 1 ಕಿಲೋ 600 ಗ್ರಾಂ ಬಂತು, ಅಂದರೆ ಕೈಗೆ ಬಂದದ್ದು 80 ಜಿಎಸ್ಎಂ ಹಾಸು. ಮಾರಿದವರಿಗೆ ಫೋನ್ ಮಾಡಿದರೆ, ಕತ್ತರಿಸಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂದರು. ತೂಗುವ ಮೊದಲೇ ನಾನು ಒಂದು ತುಂಡನ್ನು ಕತ್ತರಿಸಿಬಿಟ್ಟಿದ್ದೆ (ಅದನ್ನೂ ಸೇರಿಸಿಯೇ ತೂಗಿದ್ದು). ಕೊಳ್ಳುವವರು ದಯವಿಟ್ಟು ಮೊದಲು ತೂಗಿ, ಆಮೇಲೆ ಕತ್ತರಿ ಹಿಡಿಯಿರಿ.

ಪಾರ್ಥೇನಿಯಂ ವಿಷಯದಲ್ಲಿ ಈ ಹಾಸಿನ ಬಗ್ಗೆ ನನ್ನ ತಕರಾರಿಲ್ಲ. ಆ ಗಿಡ ಹರಡುವುದು ಬೀಜದಿಂದ, ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು (ಅದು ತಾಗಿದರೆ ಚರ್ಮ ಕೆರೆದು ಕೆಂಪಾಗುವವರು ನಮ್ಮ ಮನೆಯಲ್ಲೇ ಇದ್ದಾರೆ) ಎಲ್ಲವನ್ನೂ ಬೇರುಸಹಿತ ಕಿತ್ತು, ಮೇಲೆ ಹಾಸು ಎಳೆದ ಜಾಗದಲ್ಲಿ ವರ್ಷಪೂರ್ತಿ ಒಂದು ಗಿಡವೂ ಕೆಳಗಿನಿಂದ ಎದ್ದಿಲ್ಲ. ಹಾಸಿನ ಮೇಲೆ ಕೂತ ಧೂಳಿನಲ್ಲಿ ಕೆಲವು ಬೀಜಗಳು ಮೊಳೆತವು, ಆದರೆ ಅವುಗಳ ಬೇರಿಗೆ ಹಿಡಿತ ಸಿಗದ ಕಾರಣ ಕಡ್ಡಿಪೊರಕೆಯಿಂದ ಗುಡಿಸಿದರೆ ಸಾಕಾಯಿತು.

ಜೇಕಿನ ಕಥೆಯೇ ಬೇರೆ. ತರಕಾರಿ ಮಡಿಯ ಒಂದು ಭಾಗವನ್ನು ಅಗೆಯದೆ ಹಾಗೆಯೇ ಮುಚ್ಚಿದ್ದೆ. ಮೂರನೆಯ ವಾರ ಅಂಚನ್ನು ಎತ್ತಿ ನೋಡಿದಾಗ, ಬಿಳಿಚಿಕೊಂಡ ಮೊಳಕೆಗಳು ನೆಲಕ್ಕೂ ಹಾಸಿಗೂ ನಡುವೆ ಮಲಗಿಕೊಂಡು ಬೆಳಕನ್ನು ಹುಡುಕುತ್ತಾ ಅಡ್ಡಡ್ಡ ಬೆಳೆದಿದ್ದವು; ದಾಸವಾಳದ ಕಾಂಡಕ್ಕೆಂದು ಕೊಯ್ದ ರಂಧ್ರ ಸಿಕ್ಕ ಕಡೆ ಹಸಿರಾಗಿ ಮೇಲೆದ್ದಿದ್ದವು. ಕೆಲವಂತೂ ನೇಯ್ಗೆಯ ಎಳೆಗಳ ಸಂದಿಯಲ್ಲಿ ದಬ್ಬಣದಂತೆ ತೂರಿಕೊಂಡು ಬಂದಿದ್ದವು, ಎಳೆದರೆ ಮೇಲಿನ ಗರಿ ಮಾತ್ರ ಕೈಗೆ ಬಂದು ಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತಿತ್ತು. ಟೊಮೆಟೊ ಬೆಳೆಗಾರರು ಬಳಸುವ ತೆಳು ಮಲ್ಚಿಂಗ್ ಶೀಟನ್ನು ಜೇಕು ಸಲೀಸಾಗಿ ಚುಚ್ಚುತ್ತದೆ. ಅದಕ್ಕೆ ಹೋಲಿಸಿದರೆ ಇದು ವಾಸಿ, ಅಷ್ಟೇ.

ಇನ್ನೊಂದು ಭಾಗವನ್ನು ಮಾತ್ರ ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕಿನಿಂದ ಒಂದು ಗೇಣು ಆಳದವರೆಗೆ ಎತ್ತಿ, ಮಣ್ಣನ್ನು ಬೆರಳಲ್ಲಿ ಉದುರಿಸಿ ಗೆಡ್ಡೆಗಳನ್ನು ಆರಿಸಿದ ಮೇಲೆಯೇ ಮುಚ್ಚಿದ್ದೆ. ಗುದ್ದಲಿ ಇಲ್ಲಿ ಕೆಲಸ ಕೆಡಿಸುತ್ತದೆ: ದಾರಕ್ಕೆ ಪೋಣಿಸಿದಂತಿರುವ ಗೆಡ್ಡೆಗಳ ಸರ ತುಂಡಾದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಗೆಡ್ಡೆಗಳೂ ಚಿಗುರುತ್ತವೆ. ಕಪ್ಪು ಸಿಪ್ಪೆ, ಒಳಗೆ ಬಿಳಿ ತಿರುಳು, ಮುರಿದರೆ ಘಮ್ಮೆನ್ನುವ ವಾಸನೆ. ಗ್ರಂಧಿಗೆ ಅಂಗಡಿಯವರು ಭದ್ರಮುಷ್ಟಿ ಎಂದು ಕೊಡುವುದು ಇದನ್ನೇ. ಆರಿಸಿದ್ದನ್ನು ತಿಪ್ಪೆಗೆ ಹಾಕದೆ ತಾರಸಿಯ ಬಿಸಿಲಿನಲ್ಲಿ ಗಲಗಲ ಎನ್ನುವವರೆಗೆ ಒಣಗಿಸಿದೆ. ಈ ಭಾಗದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಮೊಳಕೆಗಳಷ್ಟೇ ಕಾಣಿಸಿಕೊಂಡವು, ಕಂಡ ದಿನವೇ ಅವನ್ನು ಗೆಡ್ಡೆಸಹಿತ ತೆಗೆದೆ.

ಹಾಸಿನ ಕೊರತೆಗಳೂ ಇವೆ. ಕತ್ತರಿಸಿದ ಅಂಚು ಎಳೆ ಬಿಚ್ಚಿಕೊಳ್ಳುತ್ತದೆ. ಕಾಯಿಸಿದ ಚಾಕುವಿನಿಂದ ಕೊಯ್ದರೆ ಅಂಚು ಕರಗಿ ಕೂಡಿಕೊಳ್ಳುತ್ತದೆ. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಮೊಳೆಗಳು ಮುರಿದವು, ಕಂಬಿಯನ್ನು ಬಗ್ಗಿಸಿ ಊರಿದ ಮೇಲೆ ನಿಂತಿತು. ಇಳಿಜಾರಿನಲ್ಲಿ ಜೋರು ಮಳೆಯ ನೀರು ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು, ಸಗಣಿ ಗೊಬ್ಬರ ಕೊಡಬೇಕೆಂದಾಗಲೆಲ್ಲ ಹಾಸನ್ನು ಎತ್ತಬೇಕಾದದ್ದು ಮತ್ತು ಬಿಸಿಲಿಗೆ ಜೀರ್ಣವಾದ ಪ್ಲಾಸ್ಟಿಕ್ ಎಳೆಗಳು ಊಟದ ಸೊಪ್ಪು ಬೆಳೆಯುವ ಮಣ್ಣಿಗೆ ಸೇರುವ ಸಾಧ್ಯತೆ.

ಆದ್ದರಿಂದ ನಡೆದಾಡುವ ದಾರಿಗೆ, ಕಾಂಪೌಂಡಿನ ಅಂಚಿಗೆ, ತೆಂಗಿನ ಪಾತಿಯ ಹೊರಸುತ್ತಿಗೆ ಇದನ್ನು ಧೈರ್ಯವಾಗಿ ಕೊಳ್ಳಬಹುದು ಎನ್ನುತ್ತೇನೆ. ಜೇಕು ಹೊಕ್ಕ ತರಕಾರಿ ಮಡಿಗೆ ಮೊದಲು ಫೋರ್ಕ್ ಕೊಳ್ಳಿ. ನಾನು ಮಡಿಯ ಹಾಸನ್ನು ಕಳೆದ ತಿಂಗಳು ತೆಗೆದು, ಅಲ್ಲಿ ಒಣ ತೆಂಗಿನ ಗರಿ ಹೊದಿಸಿದ್ದೇನೆ. ವಾರಕ್ಕೊಮ್ಮೆ ಬೆಳಗ್ಗೆ ಅರ್ಧ ಗಂಟೆ ಫೋರ್ಕ್ ಹಿಡಿದು ಕೂರುತ್ತೇನೆ.