ನರ್ಸರಿಯವರ ಕೈಲೇ ಬ್ಯಾಂಕ್ಸಿಯಾ ಕುಂಡಕ್ಕೆ ಹಾಕಿಸೋರು ಮೊದಲು ಚೀಲ ನೋಡಿ

ಮೆಲ್ಬರ್ನ್, ಸಿಡ್ನಿ ಕಡೆ ಬಾಲ್ಕನಿಯಲ್ಲಿ ಇಲ್ಲಿನ ನೇಟಿವ್ ಹೂಗಿಡ ಬೆಳೆಸುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ಕಳೆದ ವಸಂತದಲ್ಲಿ ಮೆಲ್ಬರ್ನಿನ ಒಂದು ನರ್ಸರಿಯಿಂದ ‘ಬರ್ತ್‌ಡೇ ಕ್ಯಾಂಡಲ್ಸ್’ ಅನ್ನೋ ಗಿಡ್ಡ ತಳಿಯ ಬ್ಯಾಂಕ್ಸಿಯಾ, ಜೊತೆಗೆ ಒಂದು ವಾರಾಟಾ ಕೊಂಡೆ. ಎರಡೂ ಇಲ್ಲಿನ ನೇಟಿವ್ ಹೂಪೊದೆಗಳು. ದುಡ್ಡು ಕೊಟ್ಟರೆ ಕುಂಡಕ್ಕೂ ಅವರೇ ಹಾಕಿಕೊಡುತ್ತಾರೆ. ನೇಟಿವ್ ಗಿಡಕ್ಕೆ ಬೇರೆ ಮಿಕ್ಸ್ (ಕುಂಡಕ್ಕೆ ತುಂಬೋ ಚೀಲದ ಮಣ್ಣು) ಬೇಕಲ್ಲವಾ ಅಂತ ಕೇಳಿದೆ. ‘ಕೆಂಪು ಟಿಕ್ ಇರೋ ಪ್ರೀಮಿಯಂ ಚೀಲ ಇದು, ಯಾವ ಗಿಡಕ್ಕಾದರೂ ಆಗುತ್ತೆ’ ಅಂದರು.

ಆಗಲ್ಲ. ಚೀಲದ ಮೇಲಿನ ಆ ಟಿಕ್ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ಸ್ ಗುರುತು. ಅದು ಹೇಳೋದು ಮಿಕ್ಸ್‌ನ ಗುಣಮಟ್ಟವನ್ನು ಮಾತ್ರ, ನಿಮ್ಮ ಗಿಡಕ್ಕೆ ಒಗ್ಗುತ್ತಾ ಅನ್ನೋದನ್ನಲ್ಲ.

ಬೇಸಿಗೆ ಹೊತ್ತಿಗೆ ಹಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ಹೊಸ ಚಿಗುರು ಹಳದಿ, ನರ ಮಾತ್ರ ಹಸಿರು. ಫೋನ್ ಮಾಡಿದರೆ ನೀರು ಸಾಲದು ಅಂದರು. ಫೋಟೋ ಕಳಿಸಿದ ಮೇಲೆ ದ್ರವ ಗೊಬ್ಬರ ಹಾಕಿ ಅಂದರು. ನನಗೆ ನಂಬಿಕೆ ಬರಲಿಲ್ಲ. ನೇಟಿವ್ ಗಿಡಗಳನ್ನೇ ಮಾರುವ ಇನ್ನೊಂದು ಕಡೆಗೆ ಎರಡೂ ಕುಂಡ ಹೊತ್ತುಕೊಂಡು ಹೋದೆ. ಅಲ್ಲಿಯ ಹೆಂಗಸು ವಾರಾಟಾವನ್ನು ಬೋರಲು ಹಾಕಿ ಬೇರಿನ ಮುದ್ದೆ ಬಿಡಿಸಿದರು. ಮಣ್ಣಿನ ತುಂಬ ಸಾಸಿವೆಗಿಂತ ಸ್ವಲ್ಪ ದಪ್ಪದ ಹಳದಿ ಗುಂಡುಗಳು. ಒಂದನ್ನು ಉಗುರಲ್ಲಿ ಒತ್ತಿದರು, ಸಿಪ್ಪೆ ಒಡೆದು ಒಳಗಿದ್ದ ಗೊಬ್ಬರದ ನೀರು ಬೆರಳಿಗೆ ಅಂಟಿತು. ಗುಲಾಬಿಗೋ ಟೊಮೇಟೊಗೋ ಹಾಕೋ ಮಿಕ್ಸ್ ಅದು, ರಂಜಕ (ಫಾಸ್ಫರಸ್) ಧಾರಾಳವಾಗಿರುವಂಥದ್ದು.

ಬ್ಯಾಂಕ್ಸಿಯಾ, ವಾರಾಟಾ, ಗ್ರೆವಿಲಿಯಾ, ಹಾಕಿಯಾ ಎಲ್ಲಾ ಪ್ರೋಟಿಯೇಸೀ ಕುಟುಂಬದವು. ರಂಜಕ ತೀರಾ ಕಡಿಮೆ ಇರುವ ಹಳೆಯ ಮಣ್ಣಿನಲ್ಲಿ ಬದುಕೋಕೆ ಇವುಗಳಲ್ಲಿ ಹೆಚ್ಚಿನವು ಕುಂಚದ ಹಾಗೆ ಒತ್ತಾಗಿ ಕವಲೊಡೆಯುವ ವಿಶೇಷ ಬೇರು ಬೆಳೆಸಿಕೊಂಡಿವೆ. ಸಿಕ್ಕಿದ್ದನ್ನೆಲ್ಲ ಹೀರೋದು ಆ ಬೇರಿಗೆ ಗೊತ್ತು, ಸಾಕು ಅಂತ ನಿಲ್ಲಿಸೋದು ಅಷ್ಟಾಗಿ ಬರೋಲ್ಲ. ಹಾಗೆ ಹೆಚ್ಚಾದ ರಂಜಕವೇ ಗಿಡಕ್ಕೆ ವಿಷವಾಗುತ್ತೆ. ಕುಂಡದಲ್ಲಂತೂ ಬೇರಿಗೆ ತಪ್ಪಿಸಿಕೊಂಡು ಹೋಗಲು ಜಾಗವೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಒಂದು ಗ್ರೆವಿಲಿಯಾನೇ. ಆದರೆ ಅದು ಮಳೆಕಾಡಿನ ಮರ, ಗೊಬ್ಬರ ಹಾಕಿದ ತೋಟದಲ್ಲೂ ಜಗ್ಗೋಲ್ಲ. ಅದನ್ನು ನೋಡಿಕೊಂಡು ವಾರಾಟಾಕ್ಕೂ ಹಾಗೇ ಅಂದುಕೊಳ್ಳಬೇಡಿ. ಕೋಳಿ ಗೊಬ್ಬರ, ಮೂಳೆ ಪುಡಿ ಹತ್ತಿರಕ್ಕೂ ತರಬೇಡಿ.

ಚೀಲದ ಮೇಲೆ ‘ನೇಟಿವ್ ಮಿಕ್ಸ್’ ಅಂತ ಬರೆದಿರಬೇಕು. ಗೊಬ್ಬರ ಕೊಳ್ಳುವಾಗ ಎನ್‌-ಪಿ-ಕೆ (ಸಾರಜನಕ, ರಂಜಕ, ಪೊಟ್ಯಾಶಿಯಂ) ಸಾಲಿನಲ್ಲಿ ‘ಪಿ’, ಅಂದರೆ ರಂಜಕ, ನೋಡಿ. ಕುಂಡಕ್ಕಾದರೆ ಶೇ 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರೋದನ್ನೇ ತನ್ನಿ. ಕಾಂಗರೂ ಪಾ ಅನ್ನೋ ನೇಟಿವ್ ಹೂಗಿಡ ಇಷ್ಟು ನಾಜೂಕಲ್ಲ, ಕೊರಿಯಾ (Correa) ಅನ್ನೋ ಪೊದೆಯೂ ಅಷ್ಟೆ. ಮೊದಲ ಸಲ ಬೆಳೆಸೋರು ಅವುಗಳಿಂದಲೇ ಶುರುಮಾಡೋದು ಒಳ್ಳೆಯದು. ಮತ್ತೆ, ಯಾವ ಮಿಕ್ಸ್ ಚೀಲವನ್ನೇ ಬಿಚ್ಚಿ, ಮಾಸ್ಕ್ ಹಾಕಿಕೊಂಡು, ಧೂಳೇಳದ ಹಾಗೆ ನೀರು ಚಿಮುಕಿಸಿ. ಅದರಲ್ಲಿರಬಹುದಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬರುತ್ತೆ, ಚೀಲದ ಮೇಲೇ ಎಚ್ಚರಿಕೆ ಇರುತ್ತೆ.

ವಾರಾಟಾ ಉಳಿಯಲಿಲ್ಲ. ಬೇರು ತೊಳೆದು ಹೊಸ ಮಿಕ್ಸ್‌ಗೆ ಹಾಕಿದ ಬ್ಯಾಂಕ್ಸಿಯಾ ಒಂದು ಪಕ್ಕದಲ್ಲಿ ಚಿಗುರಿದೆ. ನರ್ಸರಿಯವರು ದುಡ್ಡು ವಾಪಸ್ ಕೊಡೋಲ್ಲ ಅಂದಿದ್ದಾರೆ, ನಾನು ಬಿಟ್ಟಿಲ್ಲ. ದುಡ್ಡು ತಗೊಂಡು ಮಾಡಿದ ಕೆಲಸ ಸರಿಯಾಗಿರಬೇಕು ಅಂತ ಇಲ್ಲಿನ ಗ್ರಾಹಕ ಕಾನೂನೇ ಹೇಳುತ್ತೆ. ನೀವೂ ಬಿಲ್ ಇಟ್ಟುಕೊಳ್ಳಿ, ಯಾವ ಮಿಕ್ಸ್ ಹಾಕಿದರು ಅಂತ ಅದರ ಮೇಲೇ ಬರೆಸಿಕೊಳ್ಳಿ.