ಲ್ಯಾಕ್ಟೇಟೋ, ಎಣ್ಣೆಯ ಎಮಲ್ಷನ್ನೋ? ನೆಲದಡಿಯ ಬ್ಯಾಕ್ಟೀರಿಯಾಕ್ಕೆ ಯಾವ ಆಹಾರ

ಅಂತರ್ಜಲ ಸೇರಿದ ಕೈಗಾರಿಕಾ ದ್ರಾವಕವಾದ ಟ್ರೈಕ್ಲೋರೋಎಥಿಲೀನ್‌ನಿಂದ ಕ್ಲೋರಿನ್ ಕಳಚಿ ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಕ್ಕೆ ಹೈಡ್ರೋಜನ್ ಬೇಕು. ಬಾವಿಯ ಮೂಲಕ ನೆಲದಡಿ ಹಾಕುವ ಆಹಾರ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ಲವಣ) ಆಗಲಿ, ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಸಸ್ಯಜನ್ಯ ಎಣ್ಣೆ (ಎಮಲ್ಷನ್) ಆಗಲಿ, ಹುದುಗಿ ಕೊಡುವುದು ಅದನ್ನೇ, ವ್ಯತ್ಯಾಸ ವೇಗದಲ್ಲಿ.

ಸೋಡಿಯಂ ಲ್ಯಾಕ್ಟೇಟ್ ನೀರಿನಲ್ಲಿ ಪೂರ್ತಿ ಕರಗಿ ಅದರ ಜೊತೆಗೇ ಸಾಗುತ್ತದೆ. ಆದರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಖಾಲಿ. ಪದೇಪದೇ ಹಾಕಬೇಕು, ಹಾಕಿದಷ್ಟೂ ಬಾವಿಯ ಜಾಲರಿಗೆ ಲೋಳೆ ಕಟ್ಟುತ್ತದೆ. ಹೈಡ್ರೋಜನ್ ಒಮ್ಮೆಲೇ ಏರಿದರೆ ಮೀಥೇನ್ ಮಾಡುವ ಜೀವಿಗಳು ಪಾಲು ಕಸಿಯುತ್ತವೆ.

ಎಮಲ್ಷನ್‌ನ ಹನಿಗಳು ಸುಮಾರು 1 ಮೈಕ್ರಾನ್ ಇರಬೇಕು. ಅವು ಮಣ್ಣಿನ ಕಣಗಳಿಗೆ ಅಂಟಿ, ಸಾಮಾನ್ಯವಾಗಿ 2–3 ವರ್ಷ ನಿಧಾನವಾಗಿ ಹುದುಗುತ್ತವೆ. ಹನಿ ದಪ್ಪವಾದರೆ ರಂಧ್ರ ಮುಚ್ಚಿ ನೀರು ಬೇರೆ ದಾರಿ ಹಿಡಿಯುತ್ತದೆ. ಹಾಕಿದ ಮೇಲೆ ಹಿಂದೆಯೇ ನೀರು ತಳ್ಳದಿದ್ದರೆ ಎಣ್ಣೆಯೆಲ್ಲ ಬಾವಿಯ ಸುತ್ತಲೇ ಉಳಿಯುತ್ತದೆ. ಆಮ್ಲ ಶೇಖರವಾಗಿ ಪಿಎಚ್ 6ಕ್ಕಿಂತ ಇಳಿಯುವ ಅಪಾಯವೂ ಇದೆ. ಆಮ್ಲ ತಣಿಸುವ ಕಾರ್ಬೊನೇಟ್ ಕಡಿಮೆಯಿರುವ ಮಣ್ಣಾದರೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿಯೇ ಹಾಕಿ.

ಸಲ್ಫೇಟ್ ಹೆಚ್ಚಿದ್ದರೆ ಎರಡೂ ಬೇಗ ಖಾಲಿಯಾಗುತ್ತವೆ, ಏಕೆಂದರೆ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾವೂ ಈ ಆಹಾರವನ್ನೇ ತಿನ್ನುತ್ತದೆ. ಪ್ರಮಾಣ ಲೆಕ್ಕ ಹಾಕುವಾಗ ಇದನ್ನು ಮರೆಯುವವರೇ ಹೆಚ್ಚು.

ಆಹಾರವಿದ್ದೂ ಕ್ಲೋರಿನ್ ಕಳಚುವ ಕ್ರಿಯೆ ನಡುವಿನ ಹಂತದ ಸಿಸ್-ಡೈಕ್ಲೋರೋಎಥಿಲೀನ್‌ನಲ್ಲೋ, ಇನ್ನೂ ವಿಷಕಾರಿಯಾದ ವಿನೈಲ್ ಕ್ಲೋರೈಡ್‌ನಲ್ಲೋ ನಿಂತರೆ ಇನ್ನಷ್ಟು ಸುರಿಯಬೇಡಿ. ಮೊದಲು ಪಿಎಚ್ ನೋಡಿ, ಬಳಿಕ ಕ್ಲೋರಿನ್ ಪೂರ್ತಿ ಕಳಚಬಲ್ಲ ಬ್ಯಾಕ್ಟೀರಿಯಾ ಡಿಹ್ಯಾಲೊಕೊಕಾಯ್ಡೀಸ್ ಮತ್ತು ಅದರ ವಿನೈಲ್ ಕ್ಲೋರೈಡ್ ಒಡೆಯುವ ಜೀನ್‌ಗಳಿವೆಯೇ ಎಂದು ಪರೀಕ್ಷಿಸಿ. ಇಲ್ಲದಿದ್ದರೆ ಬೆಳೆಸಿದ ಆ ಬ್ಯಾಕ್ಟೀರಿಯಾವನ್ನು (ಕಲ್ಚರ್) ಸೇರಿಸಬೇಕು, ಆಮ್ಲಜನಕ ಪೂರ್ತಿ ಮುಗಿದ ಮೇಲೆ ಮಾತ್ರ.

ಮತ್ತೆ ಮತ್ತೆ ಹೋಗಲಾಗದ ಜಾಗಕ್ಕೆ ಎಮಲ್ಷನ್. ಪ್ರಮಾಣವನ್ನು ತಿಂಗಳಿಗೊಮ್ಮೆ ತಿದ್ದಬೇಕಾದ ಪ್ರಾಯೋಗಿಕ ಹಂತಕ್ಕೆ ಲ್ಯಾಕ್ಟೇಟ್. ಸ್ವಲ್ಪ ಲ್ಯಾಕ್ಟೇಟ್ ಬೆರೆಸಿದ ಎಮಲ್ಷನ್ ಆರಂಭವನ್ನೂ ಚುರುಕಾಗಿಸುತ್ತದೆ.