ಕೆಟ್ಟುಹೋದ ಮಿಗ್ ಫೈಲಿನಿಂದ ಕಡತಗಳನ್ನು ಬಿಡಿಸಿಕೊಳ್ಳುವುದು: ಯುಎಸ್‌ಎಂಟಿ ಯುಟಿಲ್ಸ್, ಬಹುಕಾಲದ ಬಳಕೆಯ ವಿಮರ್ಶೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಕಚೇರಿ, ಶಾಲೆ, ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರ್ ಬದಲಿಸುವ ಕೆಲಸ ಜೋರಾಗಿ ನಡೆದಿದೆ. ಹಳೆಯದರಲ್ಲಿದ್ದ ಬಳಕೆದಾರರ ಕಡತಗಳನ್ನು ಒಟ್ಟಿಗೆ ಕಟ್ಟಿ ಹೊಸದಕ್ಕೆ ಇಳಿಸಲು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಲಕರಣೆ ಯುಎಸ್‌ಎಂಟಿ, ಅಂದರೆ ಯೂಸರ್ ಸ್ಟೇಟ್ ಮೈಗ್ರೇಷನ್ ಟೂಲ್. ಇದರಲ್ಲಿ ಮೂರು ಪ್ರೋಗ್ರಾಂಗಳಿವೆ. ಸ್ಕ್ಯಾನ್‌ಸ್ಟೇಟ್ ಕಡತಗಳನ್ನು ಮಿಗ್ ಫೈಲ್ ಎಂಬ ಒಂದೇ ಗಂಟಾಗಿ ಕಟ್ಟುತ್ತದೆ, ಲೋಡ್‌ಸ್ಟೇಟ್ ಬಿಚ್ಚುತ್ತದೆ. ಮೂರನೆಯದು ಯುಎಸ್‌ಎಂಟಿ ಯುಟಿಲ್ಸ್. ಅದರ ಹೆಸರು ಎಷ್ಟೋ ಸಿಸ್ಟಂ ಅಡ್ಮಿನ್‌ಗಳಿಗೇ ಗೊತ್ತಿರುವುದಿಲ್ಲ. ಲೋಡ್‌ಸ್ಟೇಟ್ ದೋಷ ತೋರಿಸಿ ನಿಂತು, ಹಳೆಯ ಯಂತ್ರ ಆಗಲೇ ಫಾರ್ಮ್ಯಾಟ್ ಆಗಿರುವಾಗ ಕೈಗೆ ಬರುವುದು ಈ ಮೂರನೆಯದೇ. ಈ ವಿಮರ್ಶೆ ಅದರ ಬಗ್ಗೆ, ಜೊತೆಗೆ ಅದು ಒಂಟಿಯಾಗಿ ಮಾಡಲಾಗದ ಕೆಲಸಗಳ ಬಗ್ಗೆ.

ಮೊದಲೇ ತೀರ್ಪು ಹೇಳಿಬಿಡುವುದಾದರೆ 5ಕ್ಕೆ 4. ಮಿಗ್ ಫೈಲಿನೊಳಗಿನ ಕೆಟಲಾಗ್ ಉಳಿದಿದ್ದರೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಕೆಟಲಾಗ್ ಹಾಳಾಗಿದ್ದರೆ ಇದರಿಂದ ಏನೂ ಆಗದು. ಆ ಒಂದು ಅಂಕ ಹೋದದ್ದು ಅಲ್ಲಿಗೆ.

ಏನಿದು ಕೆಟಲಾಗ್? ಸ್ಕ್ಯಾನ್‌ಸ್ಟೇಟ್ ಸಾಮಾನ್ಯ ರೀತಿಯಲ್ಲಿ ಓಡಿದಾಗ ಎಲ್ಲ ಕಡತಗಳನ್ನೂ ಕುಗ್ಗಿಸಿ ಯುಎಸ್‌ಎಂಟಿ ಎಂಬ ಹೆಸರಿನ, ಮಿಗ್ ವಿಸ್ತರಣೆಯ ಒಂದೇ ಫೈಲಿಗೆ ತುಂಬುತ್ತದೆ. ಯಾವ ಕಡತ ಎಲ್ಲಿಂದ ಬಂತು, ಯಾರಿಗೆ ಸೇರಿದ್ದು ಎಂಬ ಲೆಕ್ಕವೂ ಅದರೊಳಗೇ ಇರುತ್ತದೆ. ಆ ಲೆಕ್ಕವೇ ಕೆಟಲಾಗ್. ಲೆಕ್ಕದ ಪುಸ್ತಕ ಹರಿದರೆ ಉಗ್ರಾಣದಲ್ಲಿ ಸಾಮಾನು ಇದ್ದೂ ಹುಡುಕಲಾಗುವುದಿಲ್ಲ. ಒಂದೆರಡು ಫೋಟೋ ಇದ್ದ ಜಾಗವಷ್ಟೇ ಕೆಟ್ಟಿದ್ದರೆ ಉಳಿದದ್ದು ಪೂರ್ತಿ ಕೈಗೆ ಬರುತ್ತದೆ. ಹಾಗಾಗಿ ‘ಬ್ಯಾಕಪ್ ಕರಪ್ಟ್ ಆಗಿದೆ’ ಎಂಬ ಮಾತನ್ನು ಕೇಳಿದ ಕೂಡಲೇ ಕೈಚೆಲ್ಲಬೇಕಿಲ್ಲ. ಕೆಟ್ಟಿರುವುದು ಏನು, ಎಷ್ಟು ಎಂದು ಮೊದಲು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಸಾಧನದ ನಿಜವಾದ ಬೆಲೆ.

ಪಡೆಯುವುದು ಸುಲಭ. ವಿಂಡೋಸ್ ಎಡಿಕೆ ಎಂಬ ಕಿಟ್ ಇಳಿಸಿಕೊಂಡು, ಅನುಸ್ಥಾಪನೆಯ ಪಟ್ಟಿಯಲ್ಲಿ ‘ಯೂಸರ್ ಸ್ಟೇಟ್ ಮೈಗ್ರೇಷನ್ ಟೂಲ್’ ಒಂದಕ್ಕೇ ಗುರುತು ಹಾಕಿ; ಉಳಿದ ಭಾರವೆಲ್ಲ ಬೇಡ. ಪ್ರೋಗ್ರಾಂ ಫೈಲ್ಸ್ ಎಕ್ಸ್86 ಒಳಗಿನ ವಿಂಡೋಸ್ ಕಿಟ್ಸ್ ಫೋಲ್ಡರ್‌ನಲ್ಲಿ ಅದು ಕೂರುತ್ತದೆ. 64 ಬಿಟ್ ಯಂತ್ರಗಳಿಗೆ ಬೇಕಾದ ಎಎಂಡಿ64 ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡರೆ ಬೇರೆ ಯಂತ್ರದಲ್ಲಿ ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಕಿಟಕಿ, ಬಟನ್ ಏನೂ ಇಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೇ ಕೆಲಸ ಮಾಡಬೇಕು.

ಆಜ್ಞೆ ಕೊಡುವ ಮುಂಚೆ ಒಂದು ಕೆಲಸ ಕಡ್ಡಾಯ. ಬ್ಯಾಕಪ್ ಇರುವ ಮೂಲ ಡಿಸ್ಕ್ ಮೇಲೆ ಪ್ರಯೋಗ ಮಾಡಬೇಡಿ. ಮಿಗ್ ಫೈಲ್ ಕೆಡುವುದಕ್ಕೆ ಸಾಮಾನ್ಯ ಕಾರಣಗಳು ಎರಡು: ಬರೆಯುವುದು ಮುಗಿಯುವ ಮೊದಲೇ ಯುಎಸ್‌ಬಿ ಕೇಬಲ್ ಕಿತ್ತದ್ದು, ಇಲ್ಲವೇ ಡಿಸ್ಕ್‌ನಲ್ಲೇ ಕೆಟ್ಟ ಸೆಕ್ಟರ್‌ಗಳಿರುವುದು. ಎರಡನೆಯದನ್ನು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ ನೋಡಿ ತಿಳಿಯಬಹುದು; ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆ ಇದ್ದರೆ ಡಿಸ್ಕ್ ಓದಲು ಒದ್ದಾಡುತ್ತಿದೆ ಎಂದರ್ಥ. ಆಗ ದುರಸ್ತಿಗೆಂದು ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದು ದೊಡ್ಡ ತಪ್ಪು. ಅದು ಫೈಲ್ ವ್ಯವಸ್ಥೆಯ ಲೆಕ್ಕ ಸರಿಪಡಿಸಲು ಡಿಸ್ಕ್ ಮೇಲೆ ಬರೆಯುತ್ತದೆ, ತುಂಡುಗಳನ್ನು ಮೂಲ ಹೆಸರಿಲ್ಲದೆ ಫೌಂಡ್ ಎಂಬ ಫೋಲ್ಡರ್‌ಗೆ ತಳ್ಳುತ್ತದೆ. ನಿಮ್ಮ ಕಡತದ ಬಗ್ಗೆ ಅದಕ್ಕೆ ಚಿಂತೆಯಿಲ್ಲ.

ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕಿ ನಕಲು ಮಾಡಲು ಹೋದರೆ ಓದಲಾಗದ ಮೊದಲ ಸೆಕ್ಟರ್ ಸಿಕ್ಕಿದಲ್ಲೇ ಕೆಲಸ ನಿಲ್ಲುತ್ತದೆ. 80 ಜಿಬಿ ಫೈಲ್ 55ರ ಹತ್ತಿರ ನಿಂತರೆ ಉಳಿದ 25 ಜಿಬಿ ಚೆನ್ನಾಗಿದ್ದರೂ ಸಿಗದು. ಇಲ್ಲಿ ಕೆಟ್ಟ ಜಾಗ ಸಿಕ್ಕರೂ ನಿಲ್ಲದೆ ಉಳಿದದ್ದನ್ನು ನಕಲು ಮಾಡುವ ಗ್ನೂ ಡಿಡಿರೆಸ್ಕ್ಯೂ ಬೇಕು. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಏಳಿಸಿ, ಬ್ಯಾಕಪ್ ಡಿಸ್ಕನ್ನು ಓದಲು ಮಾತ್ರ ಸಾಧ್ಯವಾಗುವಂತೆ ಮೌಂಟ್ ಮಾಡಿ, ಡಿಡಿರೆಸ್ಕ್ಯೂಗೆ ಮೂರು ಹೆಸರು ಕೊಡಬೇಕು: ಮೂಲ ಮಿಗ್ ಫೈಲ್, ಹೊಸ ಡಿಸ್ಕ್‌ನಲ್ಲಿ ಅದರ ನಕಲು, ಮತ್ತು ಎಲ್ಲಿಯವರೆಗೆ ಓದಿದೆ ಎಂಬ ಗುರುತು ಇಡುವ ಒಂದು ಮ್ಯಾಪ್‌ಫೈಲ್. ಇಡೀ ಡಿಸ್ಕ್ ಅಲ್ಲದೆ ಒಂದೇ ಫೈಲನ್ನೂ ಅದು ಎತ್ತುತ್ತದೆ ಎಂಬುದು ಹಲವರಿಗೆ ತಿಳಿಯದು. ಮೊದಲ ಸುತ್ತಿನಲ್ಲಿ ಎನ್ ಆಯ್ಕೆ ಕೊಟ್ಟರೆ ಸುಲಭವಾಗಿ ಓದಲಾಗುವುದನ್ನೆಲ್ಲ ಬೇಗ ತಂದುಬಿಡುತ್ತದೆ. ಎರಡನೇ ಸುತ್ತಿನಲ್ಲಿ ಆರ್3 ಕೊಟ್ಟರೆ ಕೆಟ್ಟ ಜಾಗಗಳನ್ನು ಮತ್ತೆ ಮೂರು ಸಲ ಪ್ರಯತ್ನಿಸುತ್ತದೆ. ಕರೆಂಟ್ ಹೋದರೂ ಭಯವಿಲ್ಲ; ಅದೇ ಮ್ಯಾಪ್‌ಫೈಲ್ ಕೊಟ್ಟು ಮತ್ತೆ ಓಡಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕೊನೆಗೆ 80 ಜಿಬಿಯಲ್ಲಿ ಕೆಲವು ಕೆಬಿಗಳಷ್ಟು ತೂತಿರುವ, ಉಳಿದಂತೆ ಪೂರ್ಣವಾದ ನಕಲು ಸಿಗುವುದು ಸಾಮಾನ್ಯ.

ನಕಲು ಇಳಿಸುವ ಡಿಸ್ಕ್ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಜಾಗದ ಲೆಕ್ಕವನ್ನೂ ಮೊದಲೇ ಹಾಕಿ: 80 ಜಿಬಿ ಮಿಗ್ ಫೈಲಿಗೆ ಅಷ್ಟೇ ಗಾತ್ರದ ನಕಲು, ಮೇಲೆ ಬಿಚ್ಚಿದ ಕಡತಗಳಿಗೆ 100 ಜಿಬಿಗೂ ಹೆಚ್ಚು. 250 ಜಿಬಿ ಖಾಲಿ ಇದ್ದರೆ ನಿಶ್ಚಿಂತೆ.

ಈಗ ಯುಟಿಲ್ಸ್. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಮೊದಲು /ವೆರಿಫೈ. ಬರಿದೇ ಕೊಟ್ಟರೆ ಎಷ್ಟು ಕಡತ ಸರಿಯಿವೆ, ಎಷ್ಟು ಕೆಟ್ಟಿವೆ ಎಂಬ ಒಟ್ಟು ಲೆಕ್ಕ ಬರುತ್ತದೆ. /ವೆರಿಫೈ:ಕೆಟಲಾಗ್ ಎಂದರೆ ಕೆಟಲಾಗಿನ ಸ್ಥಿತಿ ಮಾತ್ರ. ಇದನ್ನೇ ಮೊದಲು ಓಡಿಸಿ. ಮುಂದೆ ಹೋಗಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಸರಿಯಿದೆ ಎಂದು ಬಂದರೆ /ವೆರಿಫೈ:ಫೇಲ್ಯೂರ್‌ಓನ್ಲಿ ಕೊಟ್ಟು, ಜೊತೆಗೆ /ಎಲ್: ಎಂದು ಲಾಗ್ ಫೈಲಿನ ಹೆಸರು ಸೇರಿಸಿ. ಆ ಲಾಗ್‌ನಲ್ಲಿ ಕೆಟ್ಟ ಕಡತಗಳ ಹೆಸರುಗಳೇ ಇರುತ್ತವೆ. ಡಿಡಿರೆಸ್ಕ್ಯೂ ಬಿಟ್ಟ ತೂತು ಯಾವ ಕಡತದ ಮೇಲೆ ಬಿದ್ದಿದೆ ಎಂದು ಹೆಸರು ಹಿಡಿದು ಹೇಳುವ ಈ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಹೋದದ್ದು ಯಾವುದೋ ಡೌನ್‌ಲೋಡ್ ಮಾಡಿದ ವೀಡಿಯೋ ಎಂದು ಗೊತ್ತಾದರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ. ಹೋದದ್ದು ಔಟ್‌ಲುಕ್ ಮೇಲ್‌ಗಳ ಪಿಎಸ್‌ಟಿ ಫೈಲ್ ಎಂದಾದರೆ ಹಳೆಯ ಡಿಸ್ಕ್ ಕಡೆ ಓಡಬೇಕು ಎಂದು ಆ ಕ್ಷಣವೇ ತಿಳಿಯುತ್ತದೆ.

ಬಿಚ್ಚುವುದು /ಎಕ್ಸ್‌ಟ್ರಾಕ್ಟ್. ಮಿಗ್ ಫೈಲಿನ ದಾರಿ, ನಂತರ ಬಿಚ್ಚಬೇಕಾದ ಫೋಲ್ಡರ್. ಫೋಲ್ಡರ್ ಹೆಸರು ಒಂದೇ ಅಕ್ಷರದ್ದಾಗಿರಲಿ, ಡ್ರೈವ್‌ನ ಬುಡದಲ್ಲೇ ಇರಲಿ. ಹಳೆಯ ಫೋಲ್ಡರ್‌ಗಳ ಉದ್ದದ ಹೆಸರುಗಳು ಅದರ ಮೇಲೆ ಸೇರಿ 260 ಅಕ್ಷರ ಮೀರಿದರೆ ವಿಂಡೋಸ್‌ನ ಎಷ್ಟೋ ಪ್ರೋಗ್ರಾಂಗಳಿಗೆ ಆ ಕಡತ ತೆರೆಯಲು ಬಾರದು. ಎಲ್ಲವನ್ನೂ ಒಂದೇ ಸಲ ಬಿಚ್ಚುವುದಕ್ಕಿಂತ ಕಂತುಗಳಲ್ಲಿ ಬಿಚ್ಚುವುದು ಜಾಣತನ. /ಐ: ಕೊಟ್ಟು ಉದ್ಧರಣ ಚಿಹ್ನೆಯೊಳಗೆ ಬೇಕಾದ ವಿಸ್ತರಣೆಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ: ಮೊದಲ ಕಂತಿನಲ್ಲಿ ವರ್ಡ್, ಎಕ್ಸೆಲ್, ಪಿಡಿಎಫ್, ಪಿಎಸ್‌ಟಿ; ಎರಡನೆಯದರಲ್ಲಿ ಫೋಟೋ; ಕೊನೆಗೆ ವೀಡಿಯೋ. ನಡುವೆ ಏನಾದರೂ ಕೈಕೊಟ್ಟರೆ ಅಮೂಲ್ಯವಾದದ್ದು ಆಗಲೇ ಹೊರಗಿರುತ್ತದೆ. ಬೇಡದ್ದನ್ನು ಬಿಡಲು /ಇ: ಇದೆ. ಎರಡೂ ಒಟ್ಟಿಗೆ ಕೊಟ್ಟು ಒಂದೇ ಕಡತ ಎರಡಕ್ಕೂ ಹೊಂದಿದರೆ ಗೆಲ್ಲುವುದು /ಐ. ಇದು ತಿಳಿಯದೆ ತಲೆ ಕೆಡಿಸಿಕೊಳ್ಳುವವರು ಬಹಳ. ಮೊದಲೇ ಇರುವ ಕಡತದ ಮೇಲೆ ಬರೆಯಬೇಕಾದರೆ ಮಾತ್ರ /ಓ ಸೇರಿಸಿ.

ಲೋಡ್‌ಸ್ಟೇಟನ್ನೇ ಮತ್ತೆ ಓಡಿಸಿದರೆ ಆಗದೇ? /ಸಿ ಆಯ್ಕೆ ಕೊಟ್ಟರೆ ಅದು ಸಣ್ಣ ದೋಷಗಳನ್ನು ದಾಟಿ ಮುಂದುವರಿಯುತ್ತದೆ, ಕೊನೆಯಲ್ಲಿ 3 ಎಂಬ ಸಂಖ್ಯೆ ಹಿಂದಿರುಗಿಸುತ್ತದೆ. ಏನೋ ಬಿಟ್ಟುಹೋಗಿದೆ ಎಂಬುದರ ಸೂಚನೆ ಅದು. ಆದರೆ ಲೋಡ್‌ಸ್ಟೇಟ್ ಕಡತಗಳನ್ನು ಹೊಸ ಯಂತ್ರದ ಬಳಕೆದಾರರ ಖಾತೆಯೊಳಗೇ ಸುರಿಯುತ್ತದೆ, ಸೆಟ್ಟಿಂಗ್‌ಗಳನ್ನೂ ಬದಲಿಸುತ್ತದೆ. ಕೆಟ್ಟ ಬ್ಯಾಕಪ್‌ನ ವಿಷಯದಲ್ಲಿ ಅದು ಬೇಡ. ಪ್ರತ್ಯೇಕ ಫೋಲ್ಡರ್‌ಗೆ ಬಿಚ್ಚಿ, ನೋಡಿ, ಆಮೇಲೆ ಒಳಗೆ ಸೇರಿಸುವುದೇ ಸರಿ.

ಪಾಸ್‌ವರ್ಡ್ ಹಾಕಿ ಕಟ್ಟಿದ ಮಿಗ್ ಫೈಲಾದರೆ ವೆರಿಫೈಗೂ ಎಕ್ಸ್‌ಟ್ರಾಕ್ಟ್‌ಗೂ /ಡಿಕ್ರಿಪ್ಟ್ ಜೊತೆಗೆ /ಕೀ: ಬೇಕು. ಕಟ್ಟುವಾಗ ಎಇಎಸ್_256 ಎಂದು ಹೇಳಿದ್ದರೆ ಬಿಚ್ಚುವಾಗಲೂ ಅದನ್ನೇ ಹೇಳಬೇಕು. ಕೀ ಮರೆತಿದ್ದರೆ ಹಿಂಬಾಗಿಲು ಇಲ್ಲ. ಇಎಫ್‌ಎಸ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಆಗಿದ್ದ ಕಡತಗಳೂ ಹಾಗೆಯೇ. ಹಳೆಯ ಖಾತೆಯ ಸರ್ಟಿಫಿಕೇಟ್ ಕೈಯಲ್ಲಿ ಇಲ್ಲದಿದ್ದರೆ ಅವು ಬಿಚ್ಚಿ ಬಂದರೂ ತೆರೆಯುವುದಿಲ್ಲ.

ವೆರಿಫೈ ಎಲ್ಲವೂ ಸರಿ ಎನ್ನುತ್ತದೆ, ಆದರೂ ಬೇಕಾದ ಕಡತ ಸಿಗುವುದಿಲ್ಲ. ಈ ದೂರು ಕೆಟ್ಟ ಬ್ಯಾಕಪ್‌ನ ದೂರಿಗಿಂತ ಹೆಚ್ಚು, ಇದರ ಮೂಲ ಕಟ್ಟುವ ಹಂತದಲ್ಲಿದೆ. ಮಿಗ್‌ಯೂಸರ್ ಎಂಬ ಎಕ್ಸ್‌ಎಂಎಲ್ ಫೈಲ್ ಬಳಸಿ ಸ್ಕ್ಯಾನ್‌ಸ್ಟೇಟ್ ಓಡಿಸಿದ್ದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರ್‌ಗಳು ಪೂರ್ತಿ ಬರುತ್ತವೆ. ಅವುಗಳ ಹೊರಗೆ, ಅಂದರೆ ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್‌ಗಳಿಂದ, ಅದರ ಪಟ್ಟಿಯಲ್ಲಿರುವ ವಿಸ್ತರಣೆಗಳು ಮಾತ್ರ ಬರುತ್ತವೆ. ವರ್ಡ್, ಎಕ್ಸೆಲ್, ಟೆಕ್ಸ್ಟ್, ಪಿಎಸ್‌ಟಿ ಆ ಪಟ್ಟಿಯಲ್ಲಿವೆ. ಪಿಡಿಎಫ್ ಮತ್ತು ಜೆಪೆಗ್ ಇಲ್ಲ. ‘ಬರಹ’ ತಂತ್ರಾಂಶದ ಬಿಆರ್‌ಎಚ್ ಫೈಲ್‌ಗಳೂ ಇಲ್ಲ. ನಮ್ಮಲ್ಲಿ ಸಿ ಡ್ರೈವ್ ಹೋದರೂ ಡಿ ಉಳಿಯುತ್ತದೆ ಎಂದು ಮುಖ್ಯವಾದದ್ದನ್ನೆಲ್ಲ ಡಿ ಡ್ರೈವ್‌ನಲ್ಲೇ ಇಡುವ ರೂಢಿ. ಸ್ಕ್ಯಾನ್ ಮಾಡಿದ ದಾಖಲೆಗಳು, ಮದುವೆಯ ಫೋಟೋಗಳು, ಟ್ಯಾಲಿ ಡೇಟಾ ಫೋಲ್ಡರ್ ಹೀಗೆ ಬಿಟ್ಟುಹೋಗುತ್ತವೆ. ಇನ್ನೊಮ್ಮೆ ಕಟ್ಟುವಾಗ /ಲಿಸ್ಟ್‌ಫೈಲ್ಸ್: ಆಯ್ಕೆ ಕೊಡಿ, ಒಳಗೆ ಹೋದ ಕಡತಗಳ ಪೂರ್ತಿ ಪಟ್ಟಿ ಒಂದು ಟೆಕ್ಸ್ಟ್ ಫೈಲಿಗೆ ಬೀಳುತ್ತದೆ. ಹಳೆಯ ಡಿಸ್ಕ್ ಅಳಿಸುವ ಮುಂಚೆ ಆ ಪಟ್ಟಿಯಲ್ಲಿ ನಿಮ್ಮ ಡಿ ಡ್ರೈವ್ ಫೋಲ್ಡರ್‌ಗಳ ಹೆಸರು ಹುಡುಕಿ ನೋಡಲು ಐದು ನಿಮಿಷ ಸಾಕು. ಒನ್‌ಡ್ರೈವ್‌ನಲ್ಲಿ ನೀಲಿ ಮೋಡದ ಗುರುತಿದ್ದ ಕಡತಗಳು ಡಿಸ್ಕ್‌ನಲ್ಲಿ ಇರಲೇ ಇಲ್ಲ. ಅವನ್ನು ಬ್ಯಾಕಪ್‌ನಲ್ಲಿ ಹುಡುಕಬೇಡಿ, ಒನ್‌ಡ್ರೈವ್ ಖಾತೆಗೇ ಹೋಗಿ ನೋಡಿ.

ವಿಂಡೋಸ್ 7ರ ಕಾಲದ ಈಸಿ ಟ್ರಾನ್ಸ್‌ಫರ್ ಎಂಬ ಪ್ರೋಗ್ರಾಂ ಕಟ್ಟಿದ ಮಿಗ್ ಫೈಲ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ವಿಂಡೋಸ್ 10ರಿಂದ ಆ ಪ್ರೋಗ್ರಾಂ ತೆಗೆದುಹಾಕಿದ್ದರಿಂದ ಅದನ್ನು ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಫೈಲ್ ಕೆಟ್ಟಿದೆ ಎಂದು ಅರ್ಥವಲ್ಲ. ಯಂತ್ರದೊಳಗೇ ಇನ್ನೊಂದು ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ 7 ಹಾಕಿ ಅಲ್ಲೇ ಬಿಚ್ಚಿ, ಕಡತಗಳನ್ನು ಹೊರಗೆ ತಂದುಕೊಳ್ಳುವುದು ನೆಚ್ಚಬಹುದಾದ ದಾರಿ.

ಕೆಟಲಾಗ್ ಹೋಗಿದ್ದರೆ ಉಳಿಯುವುದು ಹಳೆಯ ಡಿಸ್ಕ್. ಅದೇ ಯಂತ್ರದಲ್ಲಿ ವಿಂಡೋಸ್ ಅಪ್‌ಗ್ರೇಡ್ ಆಗಿದ್ದರೆ ಮೊದಲು ವಿಂಡೋಸ್.ಓಲ್ಡ್ ಫೋಲ್ಡರ್ ನೋಡಿ. ಸಾಮಾನ್ಯವಾಗಿ 10 ದಿನಕ್ಕೆ ಅದು ತಾನಾಗಿ ಅಳಿಯುತ್ತದೆ. ಬೇರೆ ಯಂತ್ರದ ಡಿಸ್ಕಾದರೆ ಬಿಚ್ಚಿ, ಯುಎಸ್‌ಬಿ-ಸಾಟಾ ಅಡಾಪ್ಟರ್‌ಗೆ ಸಿಕ್ಕಿಸಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳಿದರೆ ಆ ಯಂತ್ರ ಬಳಸುತ್ತಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್ ಆದರೆ, ಅಳಿದ ಕಡತಗಳನ್ನು ಹುಡುಕುವ ಫೋಟೋರೆಕ್ ಬಹಳಷ್ಟನ್ನು ತರುತ್ತದೆ, ಆದರೆ ಹೆಸರಿಲ್ಲದೆ: ರೆಕಪ್_ಡಿರ್ ಎಂಬ ಫೋಲ್ಡರ್‌ಗಳಲ್ಲಿ, ಎಫ್ ಅಕ್ಷರದ ಮುಂದೆ ಅಂಕಿಗಳ ಸಾಲು. ತಂದ ಕಡತಗಳನ್ನು ಅದೇ ಡಿಸ್ಕ್‌ಗೆ ಬರೆಯಬಾರದು. ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದ್ದರೆ ಟ್ರಿಮ್ ಎಂಬ ಒಳಗಿನ ಶುಚಿ ಕೆಲಸದ ಕಾರಣದಿಂದ ಖಾಲಿ ಎಂದು ಗುರುತಾದ ಜಾಗ ನಿಜವಾಗಿಯೂ ಖಾಲಿಯಾಗಿರುತ್ತದೆ. ಅಲ್ಲಿ ಆಸೆ ಕಡಿಮೆ.

ಎಲ್ಲ ಬಂದ ಮೇಲೆ ತೆರೆದು ನೋಡುವಾಗ ಎರಡು ಮಾತು. ಎಕ್ಸ್‌ಪ್ಲೋರರ್‌ನ ಹುಡುಕುವ ಜಾಗದಲ್ಲಿ ‘ಸೈಜ್:ಎಂಪ್ಟಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ 0 ಕೆಬಿ ಕಡತಗಳೆಲ್ಲ ಒಟ್ಟಿಗೆ ಸಿಗುತ್ತವೆ. ಇನ್ನು ಹಳೆಯ ಕನ್ನಡ ವರ್ಡ್ ಕಡತಗಳು. ‘ನುಡಿ’ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ) ಫಾಂಟಿನಲ್ಲಿ ಬೆರಳಚ್ಚಿಸಿದ ಪತ್ರ ಹೊಸ ಯಂತ್ರದಲ್ಲಿ ತೆರೆದಾಗ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ‘ಕನ್ನಡ’ ಎಂಬ ಪದದ ನಡುವೆ ಬ್ರಿಟಿಷ್ ಪೌಂಡ್‌ನ ಗುರುತು ಬಂದು ಕೂತಿರುತ್ತದೆ. ಕೆಟ್ಟ ಕಡತ ಎಂದು ಇದನ್ನು ಅಳಿಸಿದವರಿದ್ದಾರೆ. ಯುಎಸ್‌ಎಂಟಿ ಪ್ರೋಗ್ರಾಂಗಳನ್ನು ಹೊತ್ತು ತರುವುದಿಲ್ಲ, ನುಡಿಯೂ ಅದರ ಫಾಂಟ್‌ಗಳೂ ಹಳೆಯ ಯಂತ್ರದಲ್ಲೇ ಉಳಿದಿರುತ್ತವೆ. ನುಡಿ ಇನ್‌ಸ್ಟಾಲ್ ಮಾಡಿ ಅದೇ ಕಡತ ಮತ್ತೆ ತೆರೆಯಿರಿ. ಪೌಂಡ್ ಗುರುತಿದ್ದ ಜಾಗದಲ್ಲಿ ‘ನ’ ಕಾಣುತ್ತದೆ.